ಆರಾಮಿಲ್ಲದ ಸೂಟಿ

ಬಾಗಲಕೋಟೆಯ ಕಡೆ ಯಾರನ್ನಾದರೂ "ಆರಾಮ ಅದೀರಿ?" ಎಂದು ಕೇಳಿದರೆ ಮೈ ಹೇಗಿದೆ ಎಂದು ಕೇಳಿದ ಹಾಗೆ. "ಆರಾಮ ತಗೋರಿ" ಎಂದರೆ ಸ್ವಲ್ಪ ಅಡ್ಡಾಗಿರಿ ಎಂದ ಹಾಗೆ. ಆರೋಗ್ಯಕ್ಕೂ ವಿಶ್ರಾಂತಿಗೂ ಒಂದೇ ಮಾತನ್ನು ಇಟ್ಟುಕೊಂಡ ಜನ ಒಂದಲ್ಲ ಒಂದು ದಿನ ಅದೇ ಮಾತಿಗೆ ಕಾಲು ಕೊಟ್ಟು ಎಡವಲೇಬೇಕು. ಹುನಗುಂದದ ಹಜರತಬಿ ಎಡವಿದಳು. ಬಿದ್ದವಳು ಮಾತ್ರ ಅವಳ ಮೊಮ್ಮಗಳು ಶಹನಾಜ.

ಶಹನಾಜ ನವನಗರದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಳು. ಉಳಿದೆಲ್ಲ ವಿಷಯ ಪಾಸಾಗಿ ಗಣಿತದ್ದೊಂದು ಪತ್ರಿಕೆ ಬಾಕಿ ಉಳಿದಿತ್ತು. ಅದಕ್ಕೆ ಎರಡು ಸಲ ಕೂತಿದ್ದಳು, ಎರಡು ಸಲವೂ ಹೋಗಿತ್ತು. ಈಗ ಸೂಟಿ ಮುಗಿದು ಕಾಲೇಜು ತೆರೆಯುವ ದಿನವೇ ಮತ್ತೆ ಪರೀಕ್ಷೆ. ಇದೂ ಹೋದರೆ ಕೊನೆಯ ವರ್ಷಕ್ಕೆ ಹತ್ತಿಸುವುದಿಲ್ಲ ಎಂದು ಕಾಲೇಜಿನವರು ಹೇಳಿಯಾಗಿತ್ತು. "ಆಗಲಿಲ್ಲಂದ್ರ ಸಾಕವ್ವಾ, ಮನಿಗೆ ಬಂದಬಿಡು" ಎಂದು ತಾಯಿ ಖೈರುನಬಿಯೂ ಹೇಳಿಯಾಗಿತ್ತು. ಕಾಲೇಜಿನವರದು ಬೆದರಿಕೆ, ಅವ್ವನದು ಮರುಕ. ಬೆದರಿಕೆಯನ್ನು ಹೇಗೋ ತಡೆದುಕೊಳ್ಳಬಹುದು, ಮರುಕವನ್ನು ತಡೆದುಕೊಳ್ಳುವುದು ಕಷ್ಟ.

ಹೋದ ಸಲ ಆದದ್ದಾದರೂ ಏನು? ಹಗಲು ರಾತ್ರಿ ಒಂದು ಮಾಡಿ ಓದಿದ್ದಳು. ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ತಲೆ ಖಾಲಿ ಗಡಿಗೆಯಾಯಿತು. ಅಂಕಿಗಳೆಲ್ಲ ಇರುವೆಗಳ ಹಾಗೆ ಹಾಳೆಯ ಮೇಲೆ ಹರಿದಾಡಿದವು. ಹೆಸರು, ನಂಬರು ಬರೆದು, ಅಷ್ಟಿಷ್ಟು ಗೀಚಿ, ಗಂಟೆ ಹೊಡೆಯುವ ತನಕ ಗೋಡೆ ನೋಡುತ್ತ ಕೂತು ಎದ್ದು ಬಂದಿದ್ದಳು. ಇಷ್ಟಾದ ಮೇಲೆ ಯಾರಾದರೂ ಕಲಿಯುವ ಪಾಠವೆಂದರೆ, ಮುಂದಿನ ಸಲ ಸರಿಯಾಗಿ ನಿದ್ದೆ ಮಾಡಬೇಕು ಎನ್ನುವುದು. ಶಹನಾಜ ಕಲಿತದ್ದು, ಮುಂದಿನ ಸಲ ಇನ್ನೂ ಹೆಚ್ಚು ಓದಬೇಕು ಎನ್ನುವುದು. ಜಾಣರ ಹಟವೇ ಹಾಗೆ, ದಡ್ಡರ ಹಟಕ್ಕಿಂತ ಅಪಾಯ.

ಅವಳ ತಂದೆ ಅಹ್ಮದಸಾಬ ನದಾಫ ಗಾದಿ ಮಾಡುವವನು. ಅರಳೆ ಹಿಂಜಿ, ತುಂಬಿ, ಹೊಲಿದು, ತನ್ನ ಟಂಟಂ ಗಾಡಿಯಲ್ಲಿ ಹೇರಿಕೊಂಡು ಹೋಗಿ ಮನೆಮನೆಗೆ ಮುಟ್ಟಿಸುತ್ತಿದ್ದ. ನದಾಫರ ಮನೆಯಾದ್ದರಿಂದ ಮನೆಮಾತು ಕನ್ನಡವೇ. ಊರಿನ ಅರ್ಧ ಜನ ಅವನ ಗಾದಿಯ ಮೇಲೆ ಗೊರಕೆ ಹೊಡೆಯುತ್ತಿದ್ದರೆ ಅವನ ಮಗಳು ಮಾತ್ರ ನಡುಮನೆಯ ಮೂಲೆಯಲ್ಲಿ ಪುಸ್ತಕ ಹರವಿಕೊಂಡು, ಮೊಣಕಾಲ ಮೇಲೆ ಗದ್ದ ಊರಿ, "ಡಿ ವೈ ಬೈ ಡಿ ಎಕ್ಸ್, ಡಿ ವೈ ಬೈ ಡಿ ಎಕ್ಸ್" ಎಂದು ತೂಗುತ್ತ ಕೂತಿರುತ್ತಿದ್ದಳು. ತಟ್ಟೆಯಲ್ಲಿ ರೊಟ್ಟಿ ಒಣಗುತ್ತಿತ್ತು, ಬಸಿಯಲ್ಲಿ ಚಹಾ ಆರುತ್ತಿತ್ತು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ಅಹ್ಮದಸಾಬನ ತಾಯಿ ಹಜರತಬಿಗೆ, ಮನೆಯವರೆಲ್ಲ ಆಯಿ ಎಂದು ಕರೆಯುವ ಆ ಮುದುಕಿಗೆ, ಇದು ನೋಡಲಾಗಲಿಲ್ಲ.

"ಸೂಟಿ ಅಂತ ಯಾಕ ಕೊಟ್ಟಾರಬೇ?" ಎಂದು ಗದರಿದಳು. "ಎತ್ತಿಗೂ ಸೋಮವಾರ ನೊಗಾ ಹೂಡೂದಿಲ್ಲ. ನೀ ಎತ್ತಿಗಿಂತ ಕಡೆ ಆದೇನು?"

"ಎತ್ತಿಗೆ ಪರೀಕ್ಷಿ ಇರೂದಿಲ್ಲ ಆಯಿ," ಎಂದಳು ಶಹನಾಜ, ಪುಸ್ತಕದಿಂದ ಕಣ್ಣೆತ್ತದೆ.

ಮುದುಕಿ ಗೊಣಗುತ್ತ ಕೊಡ ಎತ್ತಿಕೊಂಡು ನಳಕ್ಕೆ ಹೋದಳು. ಅಲ್ಲಿ ಪಕ್ಕದ ಮನೆಯ ಶಾರವ್ವ ಸಿಕ್ಕಳು.

"ಮೊಮ್ಮಗಳು ಬಂದಾಳಂತಲ್ಲ, ಹೊರಗ ಕಾಣವಲ್ಲಳು?"

"ಎಲ್ಲಿ ಹೊರಗ ಬರ್ತಾಳ ಶಾರವ್ವ? ಸೂಟಿಗೆ ಬಂದಾಗಿಂದ ಒಂದಿನಾನೂ ಆರಾಮಿಲ್ಲ ಅದಕ್ಕ," ಎಂದು ಹಜರತಬಿ ನಿಟ್ಟುಸಿರು ಬಿಟ್ಟಳು.

ಅವಳು ಹೇಳಿದ್ದು ಬಿಡುವಿಲ್ಲ ಎಂದು. ಶಾರವ್ವ ಕೇಳಿಸಿಕೊಂಡದ್ದು ಜಡ್ಡು, ಕಾಯಿಲೆ ಎಂದು. ಶಾರವ್ವ ಕೆಟ್ಟವಳಲ್ಲ, ಮರುಕ ಹೆಚ್ಚು, ಮರುಕಕ್ಕಿಂತ ಬಾಯಿ ಹೆಚ್ಚು. ಅವಳ ಮಗಳನ್ನು ಇಳಕಲ್ಲಿಗೆ ಕೊಟ್ಟಿತ್ತು. ಮಗಳ ಓಣಿಯಲ್ಲೇ ಶಹನಾಜಳ ಸೋದರತ್ತೆ ನರ್ಗೀಸಳ ಮನೆ. ಮೊಬೈಲು ಬಂದ ಮೇಲೆ ಸುದ್ದಿಗೆ ಬಸ್ಸಿನ ಹಂಗಿಲ್ಲ. ಹಜರತಬಿ ಕೊಡ ಇಳಿಸುವಷ್ಟರಲ್ಲಿ ಇಳಕಲ್ಲಿನಲ್ಲಿ ನರ್ಗೀಸ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು.

ಆ ಸೀಮೆಯಲ್ಲಿ ಯಾರಿಗಾದರೂ ಆರಾಮಿಲ್ಲ ಎಂದರೆ ಹೋಗಿ ಮಾತಾಡಿಸಿಕೊಂಡು ಬರಬೇಕು. ಮದುವೆಗೆ ಹೋಗದಿದ್ದರೆ ಮಾಫಿ ಉಂಟು, ಮಾತಾಡಿಸಲು ಹೋಗದಿದ್ದರೆ ಇಲ್ಲ. ಮರುದಿನ ಮುಂಜಾನೆ ನರ್ಗೀಸ ಬ್ರೆಡ್ಡಿನ ಪುಡಿಕೆ, ಮೋಸಂಬಿ ಹಿಡಿದುಕೊಂಡು ಬಂದು ಬಾಗಿಲಲ್ಲೇ ಬಾಯಿಗೆ ಸೆರಗು ಇಟ್ಟುಕೊಂಡಳು.

"ಯವ್ವಾ, ಹೆಂಗ ಇಳದಬಿಟ್ಟಿಯಲ್ಲ! ಮುಖದಾಗ ರಕ್ತಾನ ಇಲ್ಲ."

"ಅತ್ತಿ, ನಂಗೇನೂ ಆಗಿಲ್ಲ. ಓದಾಕತ್ತೇನಿ ಅಷ್ಟ."

"ಹಂಗ ಅಂತಾರ. ಆರಾಮಿಲ್ಲದವ್ರು ಎಲ್ಲಾರೂ ಮೊದ್ಲ ಹಂಗ ಅಂತಾರ." ನರ್ಗೀಸ ಪುಸ್ತಕ ಸರಿಸಿ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಹಿಡಿದವಳು ಸಂಜೆಯ ತನಕ ಬಿಡಲಿಲ್ಲ.

ಆಮೇಲೆ ಕೆರೂರಿನವರು ಬಂದರು. ಕೆರೂರು ಮುಟ್ಟುವಷ್ಟರಲ್ಲಿ ಜಡ್ಡಿಗೆ ಕಾಮಾಲೆ ಎಂದು ಹೆಸರು ಬಂದಿತ್ತು. ಬಾದಾಮಿಯವರ ಪ್ರಕಾರ ಹುಡುಗಿಯ ರಕ್ತವೆಲ್ಲ ನೀರಾಗಿತ್ತು. ಇಲಿ ಎಂದದ್ದನ್ನು ಹುಲಿ ಮಾಡುವುದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಂದವರಿಗೆಲ್ಲ ಚಹಾ ಆಗಬೇಕು, ಚಹಾ ತರುವವಳು ಆ ಜಡ್ಡಿನ ಹುಡುಗಿಯೇ ಆಗಬೇಕು. ಅವಳು ಬಸಿ ಹಿಡಿದು ಬಂದರೆ "ಪಾಪ, ಕೈ ನಡುಗಾಕತ್ತಾವ ನೋಡ" ಎನ್ನುವರು. ನಡುಗುತ್ತಿದ್ದದ್ದು ಖರೆ, ಆದರೆ ಸಿಟ್ಟಿನಿಂದ. "ಏನೂ ಆಗಿಲ್ರೀ" ಎಂದು ಅವಳು ಎಷ್ಟು ಜೋರಾಗಿ ಹೇಳಿದಳೋ ಅಷ್ಟು ಗಟ್ಟಿಯಾಗಿ ಅವರು ಜಡ್ಡನ್ನು ನಂಬಿದರು. ಪುಸ್ತಕ ಇನ್ನೂ ಅರ್ಧ ಉಳಿದಿತ್ತು, ಸೂಟಿ ಅರ್ಧವೂ ಉಳಿದಿರಲಿಲ್ಲ.

"ನೀ ಏನಂತ ಹೇಳಿದಿ ಆಯಿ, ಖರೆ ಹೇಳ," ಎಂದು ಒಂದು ದಿನ ಶಹನಾಜ ಮುದುಕಿಯನ್ನು ಹಿಡಿದು ನಿಲ್ಲಿಸಿದಳು.

"ಆರಾಮಿಲ್ಲಂತ ಹೇಳಿದ್ನಿ. ಸುಳ್ಳೇನದು? ನಿಂಗೆಲ್ಲಿ ಆರಾಮೈತಿ?"

ಖೈರುನಬಿ ಸೆರಗು ಮುಚ್ಚಿಕೊಂಡು ನಕ್ಕಳು. ಅಹ್ಮದಸಾಬನೂ ನಕ್ಕ. ಶಹನಾಜಳಿಗೆ ನಗು ಬರಲಿಲ್ಲ, ಎದೆಯೊಳಗೆ ಗಡಿಯಾರವೊಂದು ಹೊಡೆದುಕೊಳ್ಳುತ್ತಿತ್ತು. ಗಡಿಗೆಯ ಬಾಯಿ ಮುಚ್ಚಬಹುದು, ಊರಿನ ಬಾಯಿ ಮುಚ್ಚಲಾಗದು. ಹಾಗಾದರೆ ಮಾಡುವುದೇನು?

ಉಪಾಯ ತಾನಾಗಿ ಹೊಳೆಯಿತು. ಮಾತಾಡಿಸಲು ಬಂದವರು ಜಡ್ಡಿನವರು ಮಲಗಿದ್ದರೆ ಎಬ್ಬಿಸುವುದಿಲ್ಲ, ತಂದ ಹಣ್ಣು ದಿಂಬಿನ ಹತ್ತಿರ ಇಟ್ಟು ಸಪ್ಪಳ ಮಾಡದೆ ಹೋಗಿಬಿಡುತ್ತಾರೆ. ಇದೂ ಅಲ್ಲಿಯ ರಿವಾಜೇ. ಅಂಗಳದಲ್ಲಿ ಚಪ್ಪಲಿ ಬಿಟ್ಟ ಸದ್ದಾದೊಡನೆ ಶಹನಾಜ ಪುಸ್ತಕದ ಸಮೇತ ಕೌದಿಯೊಳಗೆ ಹೊಕ್ಕಳು. ಆಯಿ "ಮಕ್ಕೊಂಡಾಳ್ರೆವ್ವಾ" ಎಂದಳು. ಬಂದವರು ಪಿಸುಗುಟ್ಟಿ ಎದ್ದುಹೋದರು. ಕೌದಿಯೊಳಗೆ ಮೊಬೈಲಿನ ಬೆಳಕಿನಲ್ಲಿ ಒಂದು ಲೆಕ್ಕ ಪೂರ್ತಿ ಬಿಡಿಸಿ ಮುಗಿಯಿತು. ಅವಳು ಗೆದ್ದೆ ಎಂದುಕೊಂಡಳು.

ಅಲ್ಲಿಂದ ಅವಳು ಕೌದಿ ಬಿಟ್ಟು ಎದ್ದದ್ದೇ ಕಡಿಮೆ. ಬಿಸಿಲ ಹೊತ್ತಿನಲ್ಲೂ ಕೌದಿ, ಬೆವರಿಳಿದರೂ ಕೌದಿ. ಹೊರಗಿನವರು ಮೋಸಹೋದರು, ಸರಿ. ಒಳಗಿನವರ ಗತಿ? ತಾನೇ ಬಿಟ್ಟ ಮಾತು ಇಳಕಲ್ಲು, ಕೆರೂರು, ಬಾದಾಮಿ ಸುತ್ತಿ, ದೊಡ್ಡದಾಗಿ, ಹತ್ತು ಬಾಯಿಗಳಿಂದ ಹಜರತಬಿಯ ಕಿವಿಗೇ ಬಂದು ಬಿದ್ದಿತ್ತು. ಇಷ್ಟು ಜನ ಹೇಳುವುದು ಸುಳ್ಳಿರಲಾರದು ಎಂದು ಮುದುಕಿಗೆ ಅನ್ನಿಸತೊಡಗಿತು. ಹುಡುಗಿ ನೋಡಿದರೆ ಹಗಲೆಲ್ಲ ಕೌದಿಯೊಳಗೆ, ಮುಟ್ಟಿದರೆ ಮೈ ಬಿಸಿ. ನರ್ಗೀಸ ಕೊಟ್ಟುಹೋಗಿದ್ದ ದರ್ಗಾದ ದಾರವನ್ನು ಅವಳು ಮೊಮ್ಮಗಳ ದಿಂಬಿನ ಕೆಳಗೆ ಇಟ್ಟಳು.

ಪರೀಕ್ಷೆಯ ಹಿಂದಿನ ದಿನ ಶಹನಾಜ ಎಲ್ಲ ಸಿದ್ಧ ಮಾಡಿಕೊಂಡಳು. ಹಾಸ್ಟೆಲು ಇನ್ನೂ ತೆರೆದಿರಲಿಲ್ಲ, ಆದ್ದರಿಂದ ಪರೀಕ್ಷೆಯ ದಿನವೇ ನಸುಕಿನ ಬಸ್ಸು ಹಿಡಿಯಬೇಕು. ಮೊಬೈಲಿನಲ್ಲಿ ಐದಕ್ಕೆ ಅಲಾರಾಮು ಇಟ್ಟಳು. ಹೊತ್ತು ಮುಳುಗುವಾಗ ಅಂಗಳದಲ್ಲಿ ಮತ್ತೆ ಚಪ್ಪಲಿ ಸದ್ದು. ಕೌದಿ ಎಳೆದುಕೊಂಡಳು. ಬಂದವರು ಹೋಗಲಿ ಎಂದು ಕಣ್ಣು ಮುಚ್ಚಿದಳು. ಎಷ್ಟು ದಿನದಿಂದ ಕಾದಿತ್ತೋ ನಿದ್ದೆ, ನಟನೆಗೆ ಮುಚ್ಚಿದ ಕಣ್ಣನ್ನು ಖರೇನೇ ಮುಚ್ಚಿಬಿಟ್ಟಿತು.

ನಸುಕಿನಲ್ಲಿ ಅಲಾರಾಮು ಬಡಿದುಕೊಂಡಾಗ ಎಚ್ಚರವಾದದ್ದು ಪಕ್ಕದಲ್ಲಿ ಮಲಗಿದ್ದ ಹಜರತಬಿಗೆ. ಆ ಪೆಟ್ಟಿಗೆಯ ಬಾಯಿ ಮುಚ್ಚಿಸುವುದು ಅವಳಿಗೆ ಗೊತ್ತಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ಹಿತ್ತಲ ಕೋಣೆಗೆ ನಡೆದು, ಹಿಂಜಿ ಒಟ್ಟಿದ್ದ ಅರಳೆಯ ರಾಶಿಯಲ್ಲಿ ಮೊಳಕೈ ಮಟ್ಟ ತೂರಿಸಿ ಹೂತಿಟ್ಟು ಬಂದಳು. ಆಮೇಲೆ ಮಗ ಸೊಸೆ ಎದ್ದಾಗ ಬಾಗಿಲಿಗೆ ಅಡ್ಡ ಕೂತಳು.

"ಇವತ್ತ ಪರೀಕ್ಷಿ ಐತಿ ಅಂದಿದ್ಳಲ್ರಿ," ಎಂದಳು ಖೈರುನಬಿ ಅನುಮಾನದಿಂದ.

"ಪರೀಕ್ಷಿ ಮತ್ತ ಬರತೈತಿ. ಮೈ ಮುಟ್ಟಿ ನೋಡ."

ಖೈರುನಬಿ ಬಗ್ಗಿ ಹಣೆ ಮುಟ್ಟಿದಳು. ರಾತ್ರಿಯೆಲ್ಲ ಕೌದಿ ಹೊದ್ದ ಹಣೆ ಬೆಚ್ಚಗಿತ್ತು. ಅವಳೂ ಎಬ್ಬಿಸಲಿಲ್ಲ. ಅಹ್ಮದಸಾಬ ಇಳಕಲ್ಲಿನ ಮದುವೆ ಮನೆಗೆ ಒಯ್ಯಬೇಕಾದ ಗಾದಿಗಳನ್ನು ಟಂಟಂಗೆ ಹೇರತೊಡಗಿದ.

ಶಹನಾಜ ಕಣ್ಣು ಬಿಟ್ಟಾಗ ಬಿಸಿಲು ನಡುಮನೆಯ ಅರ್ಧಕ್ಕೆ ಬಂದಿತ್ತು. ಒಂದು ಗಳಿಗೆ ಮೈಯೆಲ್ಲ ಹಗುರ, ಹಿತ. ಮರುಗಳಿಗೆಗೆ ಪರೀಕ್ಷೆ ನೆನಪಾಯಿತು. ದಿಂಬಿನ ಕೆಳಗೆ ಕೈಯಾಡಿಸಿದರೆ ದಾರ ಸಿಕ್ಕಿತು, ಮೊಬೈಲು ಸಿಗಲಿಲ್ಲ. ಗೋಡೆಯ ಗಡಿಯಾರ ಒಂಬತ್ತು ಹತ್ತಿರ ಮಾಡಿತ್ತು. ಹತ್ತಕ್ಕೆ ಪರೀಕ್ಷೆ. ಹತ್ತೂವರೆಯ ತನಕ ಒಳಗೆ ಬಿಡುತ್ತಾರೆ, ಆಮೇಲೆ ಅಲ್ಲಾನೇ ಬಂದು ಹೇಳಿದರೂ ಬಿಡುವುದಿಲ್ಲ.

"ಯಾಕ ಎಬ್ಬಸಲಿಲ್ಲ?" ಎಂದು ಅವಳು ಕಿರುಚಿದ್ದು ಶಾರವ್ವನ ಮನೆಗೂ ಕೇಳಿಸಿತು. "ಅಲಾರಾಮ್ ಇಟ್ಟಿದ್ನಿ! ಮೊಬೈಲ್ ಎಲ್ಲಿ?"

"ನಾನ ತಗದಿಟ್ಟೆ ಕೂಸ," ಎಂದಳು ಹಜರತಬಿ. "ನೀ ಮಕ್ಕೊಂಡಿದ್ದಿ, ಅದಕ್ಕ..."

"ನೀ ತಗದಿಟ್ಟಿ! ಇಡೀ ಸೂಟಿ ತಿಂದಿ, ಈಗ ನನ್ನ ಬಾಳೂ ತಿಂದಿ. ನಿನ್ನ ಮಾತ ಕೇಳೂದಿಲ್ಲ ನಾ, ಸಾಯೂತನಕ ಕೇಳೂದಿಲ್ಲ!"

ಮಾಡಿದ್ದುಣ್ಣೋ ಮಹರಾಯ ಎನ್ನುವ ಮಾತು ಇಬ್ಬರಿಗೂ ಸಲ್ಲುತ್ತಿತ್ತು, ಆದರೆ ಅದನ್ನು ಹಂಚಿಕೊಳ್ಳುವ ಹೊತ್ತು ಅದಲ್ಲ. ಶಹನಾಜ ಹಾಲ್ ಟಿಕೆಟ್ಟು, ಪೆನ್ನು ಎತ್ತಿಕೊಂಡು ಹೊರಗೆ ಓಡಿದಳು. ಅಹ್ಮದಸಾಬ ಗಾದಿಗಳಿಗೆ ಹಗ್ಗ ಬಿಗಿಯುತ್ತಿದ್ದ. ಮಗಳ ಮುಖ ನೋಡಿ ಹೋಗಿ ಹ್ಯಾಂಡಲ್ ಹಿಡಿದ.

"ಹತ್ತ," ಎಂದ.

"ಗಾದಿ, ಅಪ್ಪಾ?"

"ಇಳಸಾಕ ಹೊತ್ತಿಲ್ಲ. ಹತ್ತ."

ಇಳಕಲ್ಲಿಗೆ ಹೋಗಬೇಕಾದ ಗಾದಿಗಳು ಬಾಗಲಕೋಟೆಯ ಕಡೆ ಮುಖ ಮಾಡಿದವು. ಟಂಟಂ ಎಂದರೆ ಮೂರು ಗಾಲಿಯ ಪ್ರಾಣಿ, ಎಷ್ಟು ಹೊಡೆದರೂ ಅದರ ಓಟ ಅಷ್ಟೇ. ಅದರಲ್ಲೂ ಬೆನ್ನ ಮೇಲೆ ಮನೆಯೆತ್ತರ ಹೇರು. ಶಹನಾಜ ಡ್ರೈವರ್ ಸೀಟಿನ ತುದಿಯಲ್ಲಿ ಅಪ್ಪನಿಗೆ ಅಂಟಿ ಕೂತು ರಸ್ತೆಯನ್ನು ಕಣ್ಣಿನಿಂದಲೇ ಎಳೆದುಕೊಳ್ಳುವವಳ ಹಾಗೆ ನೋಡುತ್ತಿದ್ದಳು. ಅಮೀನಗಡದಲ್ಲಿ ಲಾರಿಯೊಂದು ಅಡ್ಡ ನಿಂತು ಹೊತ್ತು ತಿಂದಿತು. ಅವಳು ತುಟಿ ಕಚ್ಚಿಕೊಂಡು ಆಯಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಮಸೆದಿಟ್ಟುಕೊಂಡಳು. ಸಂಜೆ ಮನೆಗೆ ಹೋಗಿ ಒಂದನ್ನೂ ಬಿಡದೆ ಆಡುವವಳಿದ್ದಳು.

ಕಮತಗಿ ದಾಟುವಾಗ ಹಿಂದೆ ಧೊಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಹಗ್ಗ ಸಡಿಲಾಗಿ, ಕೆಂಪು ಹೂವಿನ ಹೊಸ ಗಾದಿಯೊಂದು ರಸ್ತೆಯ ನಡುವೆ ಬಿದ್ದಿತ್ತು.

"ಅಪ್ಪಾ, ಗಾದಿ ಬಿತ್ತು!"

"ಬೀಳ್ಲಿ."

"ಮದುವಿ ಗಾದಿ ಅಪ್ಪಾ..."

"ಬೀಳ್ಲಿ ಅಂದ್ನಲ್ಲ," ಎಂದ ಅಹ್ಮದಸಾಬ, ಕೈ ಸಡಿಲಿಸದೆ. ಹಿಂದೆ ಬರುತ್ತಿದ್ದ ಬಸ್ಸು ಆ ಗಾದಿಯನ್ನು ಬಳಸಿಕೊಂಡು ಹೋದದ್ದನ್ನು ಶಹನಾಜ ಕನ್ನಡಿಯಲ್ಲಿ ಕಂಡಳು. ಅಪ್ಪ ವಾರಗಟ್ಟಲೆ ಕೂತು ಹೊಲಿದದ್ದು ಅದು.

ನವನಗರದ ಕಾಲೇಜಿನ ಗೇಟು ಮುಟ್ಟಿದಾಗ ಹತ್ತೂವರೆಗೆ ಇನ್ನೇನು ಉಸಿರೆಳೆದುಕೊಳ್ಳುವಷ್ಟು ಹೊತ್ತಿತ್ತು. ಅಹ್ಮದಸಾಬ ಬಂಡಿ ನಿಲ್ಲಿಸುವ ಮೊದಲೇ ಅವಳು ಜಿಗಿದಳು. ಮೆಟ್ಟಿಲೇರಿ, ಓಣಿಯಂಥ ಪಡಸಾಲೆ ದಾಟಿ, ಕೋಣೆಯ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. ಮೇಲ್ವಿಚಾರಕರು ಗಡಿಯಾರ ನೋಡಿದರು, ಅವಳ ತಲೆಗೂದಲಲ್ಲಿ ಸಿಕ್ಕಿದ್ದ ಅರಳೆ ನೋಡಿದರು.

"ಯಾಕವಾ, ಆರಾಮಿಲ್ಲೇನು?"

ಹೂಂ ಎಂದರೆ ಮುಗಿಯುತ್ತಿತ್ತು. ಮೂರು ತಾಲೂಕು ಸಾಕ್ಷಿ ಹೇಳುತ್ತಿತ್ತು.

"ಇಲ್ರಿ ಸರ್. ಮಕ್ಕೊಂಡಬಿಟ್ಟಿದ್ನಿ," ಎಂದಳು.

ಅವರು ಉತ್ತರಪತ್ರಿಕೆ ಚಾಚಿದರು. "ಕೂಡು. ಮುಗಿಯೂ ಹೊತ್ತಿಗೆ ಒಂದ್ ನಿಮಿಷ ಹೆಚ್ಚು ಕೊಡೂದಿಲ್ಲ ಮತ್ತ."

ಪ್ರಶ್ನೆಪತ್ರಿಕೆ ತಿರುವಿದಳು. ಈಗ ಇರುವೆಗಳು ಹೊರಡುತ್ತವೆ ಎಂದು ಕಾದಳು. ಹೊರಡಲಿಲ್ಲ. ಅಂಕಿಗಳು ಅಂಕಿಗಳಾಗಿಯೇ, ಇದ್ದಲ್ಲಿಯೇ, ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಕೂತಿದ್ದವು. ಮೊದಲ ಲೆಕ್ಕ ಬಂತು. ಎರಡನೆಯದು ಬಂತು. ಹೋದ ಸಲ ಮುಖ ತಿರುಗಿಸಿದ್ದ ಲೆಕ್ಕಗಳೇ ಈಗ ಎದ್ದು ಬಂದು ಕೈ ಹಿಡಿದವು. ಬರೆಯುತ್ತ ಬರೆಯುತ್ತ ಅವಳಿಗೆ ಸಂತೋಷವಾಗತೊಡಗಿತು, ಆ ಸಂತೋಷದ ಹಿಂದೆಯೇ ಭಯ. ಗಡಿಯಾರವೂ ಅವಳಷ್ಟೇ ಚುರುಕಾಗಿತ್ತು.

ಕೊನೆಯ ಪ್ರಶ್ನೆ ದೊಡ್ಡದು, ಅಂಕ ಹೆಚ್ಚಿನದು. ನೋಡಿದ ಕೂಡಲೇ ಮೊದಲ ಸಾಲಿನಿಂದ ಕಡೆಯ ಸಾಲಿನ ತನಕ ಕಣ್ಣ ಮುಂದೆ ಬಿಚ್ಚಿಕೊಂಡಿತು. ಡಿ ವೈ ಬೈ ಡಿ ಎಕ್ಸ್ ಎಂದು ಬರೆದು ಸಮ ಚಿಹ್ನೆ ಹಾಕಿದಳು. ಗಂಟೆ ಹೊಡೆಯಿತು. ಇನ್ನೆರಡು ಸಾಲು ಓಡಿಸಿದಳು. ಮೇಲ್ವಿಚಾರಕರ ಕೈ ಬಂದು, ಪೆನ್ನಿನ ಕೆಳಗಿನಿಂದಲೇ ಹಾಳೆ ಎಳೆದುಕೊಂಡಿತು.

ಹೋದ ಸಲ ಹೊತ್ತಿತ್ತು, ಗೊತ್ತಿರಲಿಲ್ಲ. ಈ ಸಲ ಗೊತ್ತಿತ್ತು, ಹೊತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಬರೆದದ್ದಷ್ಟಕ್ಕೇ ಪಾಸಾದೇನೋ, ಆಗಲಿಕ್ಕಿಲ್ಲವೋ, ಎಷ್ಟು ಕೂಡಿಸಿದರೂ ಲೆಕ್ಕ ಗೆರೆಯ ಮೇಲೆಯೇ ಬಂದು ನಿಲ್ಲುತ್ತಿತ್ತು. ಅರ್ಧ ತಾಸು. ಆ ಅರ್ಧ ತಾಸು ಇದ್ದಿದ್ದರೆ ಸಾಕಿತ್ತು.

ಹೊರಗೆ ಬೇವಿನ ಮರದ ಕೆಳಗೆ ಟಂಟಂ ನಿಂತಿತ್ತು. ಅಹ್ಮದಸಾಬ ಮದುವೆ ಮನೆಯವರ ಬೈಗಳು ತಿಂದು ಮುಗಿಸಿ ಸುಮ್ಮನೆ ಕೂತಿದ್ದ. ಮಗಳು ಬಂದದ್ದನ್ನು ನೋಡಿ ನೀರಿನ ಬಾಟಲಿ ಕೊಟ್ಟ. ಅಷ್ಟರಲ್ಲಿ ಅವನ ಮೊಬೈಲು ಹೊಡೆದುಕೊಂಡಿತು. ಪರದೆಯ ಮೇಲೆ ಶಹನಾಜಳದೇ ಹೆಸರು. ಅರಳೆಯ ರಾಶಿಯಿಂದ ಅವಳ ಮೊಬೈಲು ಹೊರಗೆ ಬಂದಿತ್ತು. ಅಹ್ಮದಸಾಬ ತನ್ನ ಮೊಬೈಲನ್ನು ಮಗಳ ಕೈಗೆ ಕೊಟ್ಟ.

"ನಿಮ್ಮ ಆಯಿ ಮುಂಜಾನಿಂದ ನೀರೂ ಕುಡದಿಲ್ಲ. ಒಂದ್ ಮಾತ ಆಡು," ಎಂದಳು ಆ ಕಡೆಯಿಂದ ಖೈರುನಬಿ. ಆಮೇಲೆ ಮೊಬೈಲು ಹಜರತಬಿಯ ಕೈಗೆ ಹೋಯಿತು.

"ಬರದ್ಯಾ ಕೂಸ?"

"ಬರದ್ನಿ."

"ಎಲ್ಲಾ?"

"ಒಂದ ಉಳೀತು. ಬರ್ತಿತ್ತು ಆಯಿ. ಹೊತ್ತ ಸಾಲಲಿಲ್ಲ."

"ನಾ ಎಬ್ಬಸಬೇಕಾಗಿತ್ತೇನವ್ವಾ?"

ಅಮೀನಗಡದಲ್ಲಿ ಮಸೆದಿಟ್ಟುಕೊಂಡಿದ್ದ ಮಾತುಗಳನ್ನು ಶಹನಾಜ ಹುಡುಕಿದಳು. ಒಂದೂ ಕೈಗೆ ಹತ್ತಲಿಲ್ಲ. ಐದಕ್ಕೆ ಎದ್ದಿದ್ದರೆ? ಬಸ್ಸಿನಲ್ಲೂ ಪುಸ್ತಕ ಹಿಡಿದು, ಕೆಂಪು ಕಣ್ಣು, ಕಾದ ತಲೆ ಹೊತ್ತುಕೊಂಡು ಆ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಅಲ್ಲಿ ಏನಾಗುತ್ತಿತ್ತು ಎನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ಮುದುಕಿ ಅವಳ ಪರೀಕ್ಷೆಯನ್ನು ಕಸಿದುಕೊಂಡಿದ್ದಳು, ಕೊಟ್ಟವಳೂ ಅವಳೇ. ಬೈಯಬೇಕೋ, ಕಾಲು ಹಿಡಿಯಬೇಕೋ ತಿಳಿಯಲಿಲ್ಲ.

"ಎಬ್ಬಸಬೇಕಾಗಿತ್ತು," ಎಂದಳು ಕಡೆಗೆ. "ಐದಕ್ಕಲ್ಲ ಆಯಿ. ನಾ ಎದ್ದಿದ್ದಕ್ಕಿಂತ ಒಂದ್ ಅರ್ಧಾ ತಾಸು ಮೊದ್ಲ. ಅಷ್ಟ."

"ಅರ್ಧಾ ತಾಸು ಗಡಿಯಾರಕ್ಕ ಗೊತ್ತವ್ವಾ, ನಂಗೇನ ಗೊತ್ತು," ಎಂದಳು ಹಜರತಬಿ. "ನಾ ಏನ್ ಮಾಡ್ಲಿ? ಸೂಟಿಗೆ ಬಂದಾಗಿಂದ ದಿನಾ ನಿದ್ದ್ಯಾಗ ನೀ ಅದ್ಯಾರನ್ನೋ ಕರೀತಿದ್ದಿ. 'ದೇವಿಬಾಯಿ, ದೇವಿಬಾಯಿ' ಅಂತ ಹಲ್ಲ ಕಡದು ಒದರತಿದ್ದಿ. ಎಷ್ಟ ಸಲ ಎದೀ ಮ್ಯಾಲ ಕೈ ಇಟ್ಟೇನಿ. ಇವತ್ತ ನಸಿಕಿನ್ಯಾಗ ಆಕಿನ್ನ ಕರೀಲಿಲ್ಲ ನೀ. ಸಣ್ಣ ಕೂಸಿನಂಗ ಮಕ್ಕೊಂಡಿದ್ದಿ. ಹೆಂಗ ಎಬ್ಬಸ್ಲಿ? ಕೈ ಬರಲಿಲ್ಲವ್ವಾ."

ಹುನಗುಂದದಲ್ಲಿ ಆ ಹೆಸರಿನವರು ಯಾರೂ ಶಹನಾಜಳಿಗೆ ಗೊತ್ತಿರಲಿಲ್ಲ. ಹಾಸ್ಟೆಲಿನಲ್ಲೂ ಇರಲಿಲ್ಲ. ಡಿ ವೈ ಬೈ ಎಂದು ತನ್ನ ಬಾಯಲ್ಲೇ ಒಮ್ಮೆ ಮೆಲ್ಲಗೆ ಅಂದುಕೊಂಡಾಗ ಗೊತ್ತಾಯಿತು. ಗಂಟಲಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು, ಎರಡನ್ನೂ ತಡೆಯಲಾಗದೆ ಅವಳು ಗಾದಿಗಳ ಹೇರಿಗೆ ಮುಖ ಒತ್ತಿ ನಿಂತುಬಿಟ್ಟಳು.

"ಯಾರವ್ವಾ ಆಕಿ?" ಎಂದು ಮುದುಕಿ ಹೆದರಿಕೆಯಿಂದ ಕೇಳುತ್ತಿದ್ದಳು. "ಮತ್ತ ಬರ್ತಾಳೇನು?"

"ಪಾಸಾಗಿದ್ರ ಬರೂದಿಲ್ಲ ಆಯಿ," ಎಂದಳು ಶಹನಾಜ. "ನೀ ಮೊದ್ಲ ನೀರ ಕುಡಿ."